ಹವಳದ ಪಾಲಿನ ನೀರು

ಅಗತ್ತಿ ದ್ವೀಪ
ಜನವರಿ 3, 2016

ಶೇವಂತಕ್ಕಗ ಜೈ ಭೀಮ.

ಹಡಗು ಇಳದು ವಾರ ಆಗ್ಲಾಕ ಬಂತು, ನೆಲ ಇನ್ನಾ ತೂಗಿದಂಗ ಆಗ್ತದ. ಇಲ್ಲಿ ಫೋನು ಹತ್ತೋದೇ ಅಪರೂಪ. ಹತ್ತಿದ್ರೂ ಅವ್ವ ಎತ್ತತಾಳ, "ಅಲ್ಲಿ ಮಳಿ ಅದ ಏನೋ?" ಅಂತಾಳ, ನಾ ಹೂಂ ಅನ್ನೋದ್ರಾಗ ಲೈನ್ ಕಟ್. ಅದಕ್ಕ ಈ ಕಾಗದ. ಹಡಗಿನಾಗ ಕೊಚ್ಚಿಗಿ ಹೋಗಿ, ಅಲ್ಲಿಂದ ನೌಬಾದಕ್ಕ ಮುಟ್ಟಲಾಕ ಎರಡು ಮೂರು ವಾರ ಬೇಕಂತ.

ಕೆಲಸ ಛಲೋ ಅದ. ಇಲ್ಲಿನ ಹೆಣ್ಮಕ್ಕಳಿಗಿ ಬಣ್ಣದ ಮೀನ ಸಾಕೋದು ಕಲಿಸಬೇಕು. ಬೋರು ಬತ್ತಿ ಭಾಲ್ಕ್ಯಾಗ ಮೀನಿನ ಅಂಗಡಿ ಮುಚ್ಚಿದಾಂವ, ನಾಕೂ ಕಡಿ ನೀರೇ ಇದ್ದಲ್ಲಿ ಬಂದು ಕುಂತೇನಿ. ನಗಬ್ಯಾಡ.

ಈಗ ಮುಖ್ಯ ಮಾತು. ನಿನ್ನ ಪಡಸಾಲ್ಯಾಗ ಬಿಟ್ಟು ಬಂದ ಗಾಜಿನ ಪೆಟ್ಟಿಗಿ. ಅದರಾಗಿನ ಮೆದು ಹವಳ ತಂದಾಗ ಬೆರಳಿನಷ್ಟಿತ್ತು, ಈಗ ಅಂಗೈ ಅಗಲ ಆಗ್ಯಾದ. ಅದರ ಸಣ್ಣ ಕೈ ಮುಚ್ಚಿ ತೆರಿತಾವಲ್ಲ, ಅದೇ ಅದರ ನಾಡಿ. ಅವು ಆಡೋ ತನಕ ಚಿಂತಿಲ್ಲ. ಭಾನುವಾರಕ್ಕೊಮ್ಮ ಒಂದು ಬಕೀಟು ಹಳಿ ನೀರು ತಗಿ. ಅಡಗಿ ಮನಿ ಫಿಲ್ಟರಿನ ನೀರಿಗಿ ನಾ ಕೊಟ್ಟ ಸಮುದ್ರದ ಉಪ್ಪು ಕಲಸಿ ಅಷ್ಟೇ ಹೊಸಾದು ಹಾಕು. ದಿನಾ ಆವಿಯಾಗಿ ಇಳದಿದ್ದಕ್ಕ ಉಪ್ಪಿಲ್ಲದ ಫಿಲ್ಟರ್ ನೀರು ಸಾಕು.

ಇನ್ನ ಆ ಕಂದು ಬಾಟ್ಲಿ, ಅಯೋಡಿನ್. ಸಮುದ್ರದಾಗ ಅದು ಇರೋದೇ ಲೆಕ್ಕಕ್ಕ ಸಿಗದಷ್ಟು. ಪೂರಾ ತೀರಿದ್ರ ಹವಳ ಸೊರಗ್ತದ, ಅದರ ಜೋಡಿ ಇರೋ ಸಿಗಡಿಗಿ ಪೊರೆ ಬಿಡ್ಲಾಕ ತ್ರಾಸ ಆಗ್ತದ ಅಂತಾರ. ಹೆಚ್ಚಾದ್ರ ವಿಷ. ಮೊದಲು ಬಾಟ್ಲಿ ಜೋಡಿ ಇಟ್ಟ ಕಿಟ್ಟಿನಾಗ ನೀರು ಪರೀಕ್ಷಾ ಮಾಡು. ನೀರಿನ ಬಣ್ಣ ಕಿಟ್ಟಿನ ಕಾರ್ಡಿನಾಗಿನ ಗುರುತಿಗಿಂತ ತಿಳಿ ಬಂದ್ರ ಮಾತ್ರ ಒಂದು ಹನಿ, ವಾರಕ್ಕ ಒಂದೇ. ಅದೂ ಪಂಪಿನ ನೀರು ಹರಿಯೋ ಕಡಿ, ಹವಳದ ತಲಿ ಮ್ಯಾಲ ಅಲ್ಲ. ಅಂದಾಜಿನ ಮ್ಯಾಲ ಹಾಕಬ್ಯಾಡ. ಕೈಗಿ ಗ್ಲೌಸ್ ಇರಲಿ.

ಮಳಿಗಾಲ ಮುಗಿಯೋದ್ರಾಗ ಬರ್ತೇನಿ. ಅದೇ ಹವಳಾನ ತುಂಡು ಮಾಡಿ ಬೆಳಸಿ ಅಂಗಡಿ ಮತ್ತ ತೆಗಿತೇನಿ. ಅಲ್ಲಿ ತನಕ ಅದು ನಿನ್ನ ಕೈಯಾಗ.

ನಿನ್ನ ತಮ್ಮ,
ಮಾಣಿಕ


ನೌಬಾದ, ಬೀದರ
ಜನವರಿ 24, 2016

ಪ್ರೀತಿಯ ಮಾಣಿಕ,

ನಿನ್ನ ಕಾಗದವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಮೊದಲ ಸಲ ನೀನು ಏನು ಉಣ್ಣುತ್ತೀ ಎಂದು ಬರೆದಿಲ್ಲವೆಂದು ಸಿಟ್ಟಾದಳು. ಎರಡನೆಯ ಸಲ ಅಯೋಡಿನ್ನಿನ ಭಾಗ ಬಂದಾಗ ಅಡುಗೆಮನೆಯಿಂದ ಉಪ್ಪಿನ ಪಾಕೀಟು ತಂದು ಮುಂದೆ ಹಿಡಿದಳು. "ಇದರಾಗೂ ಅದೇ ಅದ ಅಂತ ಟಿವ್ಯಾಗ ಹೇಳ್ತಾರ. ಒಂದು ಚಿಟಿಕಿ ಉದುರಸು, ಬಾಟ್ಲಿ ಯಾಕ ಬೇಕು?" ಹಾಕಬಾರದು ಎಂದು ನನಗನ್ನಿಸಿತು. ಯಾಕೆ ಹಾಕಬಾರದು ಎಂದು ಹೇಳಲು ಬರಲಿಲ್ಲ. ಇಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದವಳು ನಾನು. ಗೊತ್ತಿಲ್ಲದ್ದನ್ನೂ ಗೊತ್ತಿರುವ ದನಿಯಲ್ಲಿ ಹೇಳುವುದು ಅಭ್ಯಾಸವಾಗಿಬಿಟ್ಟಿದೆ. ಅವ್ವನ ಮುಂದೆ ಮಾತ್ರ ಅದು ನಡೆಯುವುದಿಲ್ಲ.

ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅವ್ವನ ಹಿಮ್ಮಡಿ ಒಡೆದಿದೆ, ಅದಕ್ಕೆ ಸವರಿಕೊಳ್ಳಲು ಕಣ್ಣು ಹಾಕಿದ್ದಾಳೆ. ಹವಳಕ್ಕೆ "ಗೋಬಿ" ಎಂದು ಹೆಸರಿಟ್ಟಿದ್ದಾಳೆ. ಉದ್ದ ಮೀಸೆಯ ಸಿಗಡಿ "ಸಾಹೇಬ". ಬೆಳಗ್ಗೆ ಎದ್ದವಳೇ, "ಸಾಹೇಬರು ಎದ್ದಾರೇನ್ರಿ?" ಎಂದು ಗಾಜು ತಟ್ಟುತ್ತಾಳೆ. ತಟ್ಟಬೇಡ ಎಂದರೆ, "ಎಬ್ಬಿಸದಿದ್ರ ಸಾಹೇಬರು ಎಂದಾದ್ರೂ ಎದ್ದದ್ದು ನೋಡೀಯೇನು?" ಎನ್ನುತ್ತಾಳೆ.

ಸಂಜೆ ಔರಾದ ಕಾಲೇಜಿನಿಂದ ಬಸ್ಸಿನಲ್ಲಿ ಬಂದು ಚಪ್ಪಲಿ ಬಿಡುವ ಮೊದಲೇ ಪೆಟ್ಟಿಗೆಯ ಮುಂದೆ ನಿಲ್ಲುತ್ತೇನೆ. ಕೈಗಳು ಆಡುತ್ತಿವೆ. ನಿನ್ನ ಭಾವ ನರಸಿಂಗ ತೀರಿಕೊಂಡ ಮೇಲೆ ಈ ಎರಡು ವರ್ಷ ಪಡಸಾಲೆಯ ದೀಪವನ್ನು ಅವ್ವನೇ ಹಚ್ಚುತ್ತಿದ್ದಳು. ಈಗ ನಾನು ಹಚ್ಚುತ್ತೇನೆ. ನೀನು ಬರುವವರೆಗೆ ಇದನ್ನು ಕಾಯುವುದು ಕಷ್ಟವಲ್ಲ.

ಶೇವಂತಕ್ಕ


ಅಗತ್ತಿ ದ್ವೀಪ
ಫೆಬ್ರವರಿ 14, 2016

ಅಕ್ಕಾ,

ಮೀನಾ ಅನ್ನಾ ಉಣ್ತೇನಿ, ಮೂರೂ ಹೊತ್ತು. ಜ್ವಾಳದ ರೊಟ್ಟಿ ಕನಸಿನಾಗ ಬರ್ತದ ಅಂತ ಹೇಳು ಅವ್ವಗ.

ಅಡಗಿ ಉಪ್ಪು ಬ್ಯಾಡೇ ಬ್ಯಾಡ. ಅದು ಬರೇ ಉಪ್ಪು. ಸಮುದ್ರ ಅಂದ್ರ ಉಪ್ಪಿನ ಜೋಡಿ ಇನ್ನೂ ಎಷ್ಟೋ ಅದ. ಗಾಯಕ್ಕ ಹಚ್ಚೋ ಕೆಂಪು ಔಷಧಾನೂ ಬ್ಯಾಡ, ಅದರಾಗ ಬ್ಯಾರೆ ಏನೇನೋ ಕೂಡಿರ್ತದ. ಈ ಬಾಟ್ಲ್ಯಾಗಿಂದು ಅವ್ವನ ಹಿಮ್ಮಡಿಗೂ ಬ್ಯಾಡ, ಚರ್ಮ ಸುಡ್ತದ. ಆಕಿಗಿ ವ್ಯಾಸಲಿನ್ ತಂದು ಕೊಡು.

ಖರೇ ಹೇಳಬೇಕಂದ್ರ ಬಾಟ್ಲಿಗಿಂತ ಭಾನುವಾರದ ಹೊಸಾ ನೀರೇ ದೊಡ್ಡದು. ಹೊಸಾ ಉಪ್ಪಿನ ಜೋಡಿ ಬೇಕಾದಷ್ಟು ಅಯೋಡಿನ್ ತಾನೇ ಬರ್ತದ, ಹಳಿ ನೀರಿನ ಜೋಡಿ ಹೆಚ್ಚಿಂದು ಹೊರಗ ಹೋಗ್ತದ. ಬಾಟ್ಲಿ ಬರೇ ಆಸರಿಗಿ. ಪೆಟ್ಟಿಗಿ ಫಿಲ್ಟರಿನಾಗಿನ ಇದ್ದಿಲ ಚೀಲಾನೂ ಅಯೋಡಿನ್ ಹೀರ್ತದ. ಅದನ್ನ ತಗದು ಇಟ್ಟಿದ್ರ ಹನಿ ಹಾಕೋ ಕೈ ಇನ್ನಾ ಬಿಗಿ ಇರಲಿ.

ನೀ ಪೆಟ್ಟಿಗಿ ಮುಂದ ನಿಂದರ್ತಿ ಅಂತ ಓದಿ ಭಾಳ ಖುಷಿ ಆತು. ದಿನಾ ನಿಂದರು.

ಮಾಣಿಕ


ನೌಬಾದ
ಮಾರ್ಚ್ 13, 2016

ಪ್ರೀತಿಯ ಮಾಣಿಕ,

ಈಗ ನಮ್ಮ ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು. ಔರಾದ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಹಾಸಿಗೆ ಸುರುಳಿ, ಹಿಟ್ಟಿನ ಡಬ್ಬಿ ಹೊತ್ತು ನಿಂತವರೇ ಹೆಚ್ಚು. ನನ್ನ ತರಗತಿಯ ಹುಡುಗಿಯೊಬ್ಬಳು ಪರೀಕ್ಷೆಗೆ ಕೂರದೆ ಅಪ್ಪ ಅವ್ವನ ಜೊತೆ ಹೈದರಾಬಾದಿನ ಕಡೆ ಇಟ್ಟಂಗಿ ಭಟ್ಟಿಗೆ ಹೋದಳು. "ವಾಪಸ್ ಬಂದು ಬರಿತೇನಿ ರೀ ಟೀಚರ್" ಎಂದಳು, ನಾನೇ ನೊಂದುಕೊಂಡೇನು ಎಂಬ ಕಾಳಜಿಯಲ್ಲಿ.

ಆ ಕಡೆಯಿಂದ ಬರುವ ಟೆಂಪೋಗಳು ನಮ್ಮ ಗೇಟಿನ ಮುಂದಿನ ಬೇವಿನ ನೆರಳಲ್ಲಿ ನಿಲ್ಲುತ್ತವೆ. ಅವ್ವ ಗೇಟಿನ ಹೊರಗಿಡುವ ನೀರಿನ ಕೊಡ ನಿನಗೆ ಗೊತ್ತೇ ಇದೆ. ಮೊದಲು ದಿನಕ್ಕೊಂದು ಕೊಡ ಮಿಕ್ಕುತ್ತಿತ್ತು. ಈಗ ಇಟ್ಟು ತಿರುಗುವಷ್ಟರಲ್ಲಿ ಬರಿದಾಗುತ್ತದೆ. ಮೊನ್ನೆ ಒಬ್ಬ ಮುದುಕಿ ಕೊಡ ಮುಟ್ಟದೆ ಬೊಗಸೆ ಹಿಡಿದು ದೂರ ನಿಂತಳು. ಅವ್ವ ಹೋಗಿ ಅವಳ ಕೈಗೆ ತಂಬಿಗೆಯನ್ನೇ ಕೊಟ್ಟು, "ನೀನೇ ಮುಳುಗಿಸಿ ಕುಡಿ ಯವ್ವಾ, ಇಲ್ಲಿ ಮ್ಯಾಲಿಂದ ಯಾರೂ ಹಾಕೋದಿಲ್ಲ" ಎಂದಳು. ಆಮೇಲೆ ಒಳಗೆ ಬಂದು ಇನ್ನೊಂದು ಕೊಡ ತುಂಬತೊಡಗಿದಳು. ತವರೂರಿನ ಬಾವಿಯ ಕಟ್ಟೆಯ ಕೆಳಗೆ ನಿಂತು, ಮೇಲಿನಿಂದ ಯಾರಾದರೂ ಹಾಕಿಯಾರೆಂದು ಕಾದವಳು ಅವಳು. ಅದನ್ನು ನಮಗೆ ಒಂದೇ ಸಲ ಹೇಳಿದ್ದಾಳೆ. ಆದರೆ ಆ ಕೊಡ ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ.

ಪೆಟ್ಟಿಗೆ ಚೆನ್ನಾಗಿದೆ. ಭಾನುವಾರದ ಕೆಲಸ ನಡೆದಿದೆ ಎಂದುಕೋ. ಹವಳದ ಕೈಗಳು ಸ್ವಲ್ಪ ನಿಧಾನ, ಅಷ್ಟೆ. ಸೆಖೆಗೆ ಇರಬಹುದು. ಇದ್ದಿಲ ಚೀಲ ಹಳೆಯದಾಗಿತ್ತು, ಎಸೆದೆ. ಅಯೋಡಿನ್ ಪರೀಕ್ಷೆಯಲ್ಲಿ ಬಣ್ಣ ಮಸುಕಾಗಿ ಬರುತ್ತಿದೆ. ಇನ್ನೊಂದು ಹನಿ ಹೆಚ್ಚು ಹಾಕಬಹುದೇ? ನೀನು ಬಂದಾಗ ಅದು ನೀನು ಬಿಟ್ಟ ಹಾಗೆಯೇ ಇರಬೇಕೆಂಬುದು ನನ್ನ ಆಸೆ.

ಶೇವಂತಕ್ಕ


ಅಗತ್ತಿ ದ್ವೀಪ
ಏಪ್ರಿಲ್ 2, 2016

ಅಕ್ಕಾ,

ಮುದುಕಿ ಸಂಗತಿ ಓದಿ ಕಾಗದ ಮಡಚಿಟ್ಟು ಸಮುದ್ರದ ದಂಡಿಗಿ ಹೋಗಿ ಕುಂತೆ. ಅವ್ವಗ ನನ್ನ ನಮಸ್ಕಾರ ಹೇಳು. ಆಕಿ ಬೈತಾಳ, ಬೈಲಿ.

ನೀ ಭಾನುವಾರಕ್ಕೊಮ್ಮ ನೀರು ಬದಲಿಸ್ಲಾಕತ್ತಿದ್ರೂ ಬಣ್ಣ ಮಸುಕು ಬರ್ತದ ಅಂದ್ರ ಹವಳಾನೇ ಹೀರ್ಕೊಳ್ಲಾಕತ್ತದ, ಬೆಳಿಲಾಕತ್ತದ. ಹೊಸಾ ನೀರು ಬೀಳೋದ್ರಿಂದ ಹೆಚ್ಚಾಗೋ ಅಂಜಿಕಿ ಕಮ್ಮಿ. ವಾರದ ನಡುವ ಇನ್ನೊಂದು ಹನಿ ಹಾಕು, ಎರಡು ವಾರ ಮಾತ್ರ. ಪ್ರತಿ ಸಲ ಮೊದಲು ಪರೀಕ್ಷಾ. ಹವಳದ ಕೈ ಆಡೋದು ನಿಂತ್ರ ನೀನೂ ನಿಂದರಿಸು. ನೆನಪಿರಲಿ, ಇದು ನೀರು ಬದಲಿಸೋರ ಲೆಕ್ಕ.

ಇದ್ದಿಲ ಚೀಲದ ಚಿಂತಿ ಮಾಡಬ್ಯಾಡ, ಈಗ ಅವಸರಿಲ್ಲ. ಪಡಸಾಲ್ಯಾಗ ಫ್ಯಾನ್ ಹಚ್ಚಿ ಗಾಜಿನ ಮ್ಯಾಲಿನ ಮುಚ್ಚಳ ಜರಾ ತೆರದಿಡು.

ನೀ ಇಷ್ಟು ಮನಸಿಟ್ಟು ನೋಡ್ಕೋತಿ ಅಂದ್ಮ್ಯಾಲ ನಾ ಬಿಟ್ಟು ಬಂದದ್ದು ಬರೋಬ್ಬರಿ ಆತು ಅನಸ್ತದ.

ಮಾಣಿಕ


ನೌಬಾದ
ಏಪ್ರಿಲ್ 24, 2016

ಮಾಣಿಕ,

ಸಾಹೇಬ ಹೋದ. ಅರ್ಧ ಪೊರೆ ಬಿಟ್ಟು, ಮಿಕ್ಕರ್ಧ ಮೈಮೇಲೆಯೇ ಉಳಿದು, ಕಲ್ಲಿನ ಮಗ್ಗುಲಿಗೆ ಬಿದ್ದಿದ್ದ. ಹವಳ ಮುದುಡಿ ಮುದ್ದೆಯಾಗಿದೆ. ಅಂಚಿನಲ್ಲಿ ಕರಗಿ ನೀರಲ್ಲಿ ಎಳೆ ಬಿಡುತ್ತಿದೆ. ಪರೀಕ್ಷೆಯ ಬಣ್ಣ ಕಾರ್ಡಿನ ಕೊನೆಯ ಗುರುತಿಗಿಂತಲೂ ಗಾಢ ಬಂತು.

ಮಾರ್ಚಿನಲ್ಲಿ "ನಡೆದಿದೆ ಎಂದುಕೋ" ಎಂದು ಬರೆದಿದ್ದೆ. ನಡೆದಿರಲಿಲ್ಲ. ಫೆಬ್ರವರಿಯ ಕೊನೆಯಿಂದ ಒಂದು ಭಾನುವಾರವೂ ನೀರು ಬದಲಿಸಿಲ್ಲ. ಅಡುಗೆಮನೆಯ ಫಿಲ್ಟರಿನಿಂದ ತುಂಬಿದ ನೀರು ಅವ್ವನ ಕೊಡಕ್ಕೆ ಹೋಯಿತು. ಪೆಟ್ಟಿಗೆಗೆ ಸಿಕ್ಕಿದ್ದು ಆವಿಯಾದಷ್ಟು ಮಾತ್ರ. ಅವ್ವ ಕೇಳಿದ್ದಳು, "ಗೋಬೀದು ಐತವಾರದ ನೀರು ಅಲ್ಲೇನು?" ಎಂದು. ನಾನೇ, "ಇದು ಬೇರೆ, ನೀ ತಗೋ" ಎಂದೆ. ಅವಳಿಗೂ ಸುಳ್ಳು ಹೇಳಿದೆ.

ಹೊಸ ನೀರಿನಿಂದ ಬರಬೇಕಾದ್ದನ್ನು ಬಾಟಲಿಯಿಂದ ಕೊಟ್ಟರಾಯಿತು ಎಂದುಕೊಂಡೆ. ಒಳಗಿನಿಂದ ಏನೂ ಹೊರಗೆ ಹೋಗುತ್ತಿಲ್ಲ, ಇದ್ದಿಲೂ ಇಲ್ಲ, ಹಾಕಿದ ಹನಿಯೆಲ್ಲ ಅಲ್ಲಿಯೇ ಕೂಡುತ್ತಿದೆ ಎಂದು ಹೊಳೆಯಲಿಲ್ಲ. ವಾರಕ್ಕೆ ಎರಡು ಹನಿ ಎಂಬುದು, ನೀರು ಬದಲಿಸುವವರ ಲೆಕ್ಕ ಎಂದು ನೀನು ಬರೆದಿದ್ದೆ. ಅದನ್ನು ಓದಿಯೂ ಹಾಕಿದೆ. ಭೀಮ ಜಯಂತಿಯ ಗದ್ದಲದಲ್ಲಿ ಒಂದು ಸಲ ಪರೀಕ್ಷೆಯನ್ನೂ ಬಿಟ್ಟೆ.

ಯಾಕೆ ಮುಚ್ಚಿಟ್ಟೆ? ನಿಜ ಹೇಳಿದ್ದರೆ, ಹಾಗಾದರೆ ಪೆಟ್ಟಿಗೆ ಬಿಡು ಅಕ್ಕಾ ಎನ್ನುತ್ತಿದ್ದೆ ನೀನು. ಪೆಟ್ಟಿಗೆ ಹೋದರೆ ನೀನು ಯಾಕೆ ವಾಪಸ್ ಬರುತ್ತೀ? ಭಾಲ್ಕಿಯ ಅಂಗಡಿ ಮತ್ತೆ ಶುರುವಾಗುವುದು ಈ ಹವಳದಿಂದಲೇ ಎಂದವನು ನೀನೇ. ಆದರೂ ಕೊಡದಿಂದ ಒಂದು ತಂಬಿಗೆ ನೀರು ಹಿಂದೆ ಎತ್ತಿಕೊಳ್ಳಲು ನನ್ನಿಂದ ಆಗಲಿಲ್ಲ. ಎರಡನ್ನೂ ಉಳಿಸಿಕೊಳ್ಳುತ್ತೇನೆ ಎಂದು ಹೊರಟಿದ್ದೆ.

ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಏನು ಉಳಿದಿರುತ್ತದೋ ಗೊತ್ತಿಲ್ಲ. ಬಾಟಲಿಯನ್ನಂತೂ ಮುಟ್ಟುತ್ತಿಲ್ಲ.

ಅಕ್ಕ


ಅಗತ್ತಿ ದ್ವೀಪ
ಮೇ 13, 2016

ಅಕ್ಕಾ,

ನಿನ್ನೆ ನಿನ್ನ ಕಾಗದ ಸಿಕ್ತು. ಕೂಡಲೇ ಟಪಾಲ್ ಆಫೀಸಿನ ಫೋನಿನಿಂದ ಹತ್ತು ಸಲ ಹಚ್ಚಿದ ಮ್ಯಾಲ ನೀ ಸಿಕ್ಕಿದಿ. ಎಷ್ಟು ಕೇಳಿಸ್ತೋ ಏನೋ. ಇನ್ನೊಮ್ಮ ಬರಿತೇನಿ. ಬಾಟ್ಲಿ ಬಂದ್. ಹೊಸಾ ಇದ್ದಿಲು ಭಾಲ್ಕ್ಯಾಗ ಅದ, ಅಂಗಡಿ ಮಾಲಕ ಮುನೀರೋದ್ದೀನ ಸಾಹೇಬರ ಕಡಿ ನನ್ನ ಪೆಟಾರಿ ಇಟ್ಟೇನಿ, ಅದರಾಗ. ಫಿಲ್ಟರ್ ನೀರಿನಾಗ ತೊಳದು ಚೀಲದಾಗ ತುಂಬಿ ಪಂಪಿನ ಮುಂದ ಇಡು. ಇದ್ದಿಲು ಅಯೋಡಿನ್ ಹೀರ್ತದ. ಅದಕ್ಕ ಬಕೀಟು ಬಕೀಟು ನೀರು ಬೇಕಾಗಿಲ್ಲ, ಅವ್ವನ ಕೊಡಕ್ಕ ಕೈ ಹಚ್ಚೋದು ಬ್ಯಾಡ. ಕರಗಿದ ಭಾಗ ತಗದು ಹಾಕು. ಸತ್ತದ್ದು ನೀರಾಗ ಬಿಡಬ್ಯಾಡ.

"ಪೆಟಾರಿ ಸಾಹೇಬರ ಕಡಿ ಯಾಕ?" ಅಂತ ನೀ ಕೇಳೋದ್ರಾಗ ಲೈನ್ ಕಟ್ ಆತು. ಖರೇ ಹೇಳ್ತೇನಿ, ಕಟ್ ಆದದ್ದು ಛಲೋ ಆತು ಅನಸ್ತು. ಈ ಕಾಗದ ಓದೋದ್ರಾಗ ನೀ ಭಾಲ್ಕಿಗಿ ಹೋಗಿ ಬಂದಿರ್ತಿ. ಅಂದ್ರ ನಿನಗ ಗೊತ್ತಾಗಿರ್ತದ. ಅಂಗಡಿ ಜಾಗಾನೇ ಬಿಟ್ಟು ಕೊಟ್ಟು ಬಂದೇನಿ ಅಕ್ಕಾ. ಬರೋ ಮೊದಲೇ. ಇಲ್ಲಿ ಮೂರು ವರ್ಷಕ್ಕ ಸಹಿ ಹಾಕೇನಿ. ಕೆಲಸ ಮನಸಿಗಿ ಹತ್ಯಾದ. ಇಲ್ಲಿನ ಹೆಣ್ಮಕ್ಕಳು ನನ್ನ ಕನ್ನಡ ಕೇಳಿ ನಗ್ತಾರ, ನಾ ಅವರ ಭಾಷಾ ಮಾತಾಡಿದ್ರ ಇನ್ನಾ ನಗ್ತಾರ.

ಆ ಪೆಟ್ಟಿಗಿ ಅಂಗಡಿ ಸಲುವಾಗಿ ಬಿಟ್ಟದ್ದಲ್ಲ. ಭಾವಾ ಹೋದ ಮ್ಯಾಲ ನೀ ಔರಾದದಿಂದ ಬಂದು ಕತ್ತಲಿ ಪಡಸಾಲ್ಯಾಗ ಕುಂದ್ರತಿದ್ದಿ. ಜೀವ ಇರೋದು ಒಂದು ಮನ್ಯಾಗ ಇದ್ರ ಏಳ್ತಿ, ದೀಪಾ ಹಚ್ತಿ ಅಂದ್ಕೊಂಡೆ. "ನಿನ್ನ ಸಲುವಾಗಿ" ಅಂದ್ರ ನೀ ಇಟ್ಕೊಳ್ತಿದ್ದಿಲ್ಲ. ಅದಕ್ಕ ವಾಪಸ್ ಬರ್ತೇನಿ, ಬೆಳಸ್ತೇನಿ ಅಂದೆ. ಪ್ರತಿ ಕಾಗದದಾಗ ನೀ ಪೆಟ್ಟಿಗಿ ಸುದ್ದಿ ಬರದಾಗ ಅಕ್ಕ ಆರಾಮ ಅದಾಳ ಅಂತ ಓದ್ತಿದ್ದೆ. ನೀ ಮಣಭಾರ ಹೊತ್ತು ನಿಂತದ್ದು ಕಾಣಲಿಲ್ಲ.

ಇನ್ನ ಹೊರಬ್ಯಾಡ. ಹವಳ ಉಳಿದಿರ್ಲಿ ಬಿಡ್ಲಿ, ಪೆಟ್ಟಿಗಿ ಬರಿದು ಮಾಡು. ನಾ ಪೆಟ್ಟಿಗಿ ಸಲುವಾಗಿ ಬರೋನಲ್ಲ. ದಸರಾಕ್ಕ ಬರ್ತೇನಿ, ಎಂಟು ದಿನ. ನಿನಗ, ಅವ್ವಗ ನೋಡ್ಲಾಕ.

ಮಾಣಿಕ


ನೌಬಾದ
ಜೂನ್ 5, 2016

ಪ್ರೀತಿಯ ಮಾಣಿಕ,

ಫೋನಿನಲ್ಲಿ ಕೇಳಿಸಿದ್ದು "ಬಾಟ್ಲಿ ಬಂದ್, ಇದ್ದಿಲು, ಭಾಲ್ಕಿ, ಸಾಹೇಬರು" ಇಷ್ಟೆ. ಅಷ್ಟು ಸಾಕಾಯಿತು. ಮರುದಿನವೇ ಭಾಲ್ಕಿಗೆ ಹೋದೆ. ನಿನ್ನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆದಿದೆ. ಓಣಿ ತಪ್ಪಿದೆನೇನೋ ಎಂದು ಹಿಂದೆ ಹೋಗಿ ಮತ್ತೆ ಬಂದೆ. ಮುನೀರೋದ್ದೀನ ಸಾಹೇಬರು ನನ್ನ ಮುಖ ನೋಡಿ ಕುರ್ಚಿ ಹಾಕಿಸಿದರು.

"ನಿಮ್ಮ ತಮ್ಮ ಹೋಗೂ ಮುಂಚೇನೇ ಚಾವಿ ಕೊಟ್ಟಾನಲ್ರೀ ಮೇಡಂ. ನಿಮಗ ಹೇಳಿಲ್ಲೇನ್ರಿ?"

"ಹೇಳ್ಯಾನ್ರಿ, ನನಗೇ ಮರ್ತಿತ್ತು" ಎಂದೆ.

ಸಾಹೇಬರು ನಂಬಲಿಲ್ಲ. ನಂಬಿದವರ ಹಾಗೆ ಚಹಾ ತರಿಸಿದರು. "ಪೆಟಾರಿ ಸಂಭಾಳಿಸಿ ಇಟ್ಟೇನಿ ನೋಡ್ರಿ. ಬರೇ ಇದ್ದಿಲು ತುಂಬ್ಯಾನ. ಇಸ್ತ್ರಿ ಅಂಗಡಿ ತೆಗೀತಿಯೇನು ಅಂತ ಕೇಳಿದೆ, ನಕ್ಕಾನ." ನಾನೂ ನಕ್ಕೆ. ಬಸ್ಸಿನಲ್ಲಿ ಪೆಟಾರಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಖಟಕ ಚಿಂಚೋಳಿಯ ಹೆಂಗಸೊಬ್ಬಳು ಪಕ್ಕದಲ್ಲಿದ್ದಳು. "ಯಾಕ ಅಳ್ತೀರಿ ಅಕ್ಕಾರ?" ಎಂದು ಕೇಳಿದ ಮೇಲೆ ಅಳುತ್ತಿದ್ದೇನೆಂದು ಗೊತ್ತಾಯಿತು. "ಇದ್ದಿಲ ಧೂಳ್ರಿ" ಎಂದೆ. ನಾವು ಅಕ್ಕ ತಮ್ಮ ಸುಳ್ಳು ಹೇಳುವುದರಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲ.

ನೀನು ಹೇಳಿದ ಹಾಗೆಯೇ ಮಾಡಿದೆ. ಕರಗಿದ್ದನ್ನೆಲ್ಲ ಗ್ಲೌಸ್ ಹಾಕಿಕೊಂಡು ತೆಗೆದೆ. ಇದ್ದಿಲ ಚೀಲವನ್ನು ಎರಡು ಸಲ ಬದಲಿಸಿದೆ. ಪರೀಕ್ಷೆಯ ಬಣ್ಣ ಮೆಲ್ಲಗೆ ಇಳಿಯಿತು. ಬಾಟಲಿಯನ್ನು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಕೊಟ್ಟೆ. ಕೊನೆಗೆ ಕಲ್ಲಿನ ಹಿಂಬದಿಯ ನೆರಳಲ್ಲಿ ಒಂದೇ ಒಂದು ಕಾಂಡ ಉಳಿದಿತ್ತು, ನೀನು ತಂದಾಗ ಇದ್ದಷ್ಟೇ, ಒಂದು ಬೆರಳು.

ಅಷ್ಟರಲ್ಲಿ ನಿನ್ನ ಕಾಗದ ಬಂತು, ಪೆಟ್ಟಿಗೆ ಬರಿದು ಮಾಡು ಎಂದು. ಅಂದು ಸಂಜೆ ಅದರ ಮುಂದೆ ಕೂತು ನನ್ನನ್ನೇ ಕೇಳಿಕೊಂಡೆ. ಇದು ಮಾಣಿಕನಿಗಾಗಿ ಅಲ್ಲ ಎಂದ ಮೇಲೂ ನನಗೆ ಬೇಕೇ? ನಾನು ಬಾಡಿರುವುದು ನಿನಗೆ ಗೊತ್ತಿತ್ತು ಎಂಬುದು ಮೊದಲು ನಾಚಿಕೆ ತಂದಿತು. ಆಮೇಲೆ ಎದ್ದು ಪಡಸಾಲೆಯ ದೀಪ ಹಚ್ಚಿದೆ. ಅವ್ವನನ್ನು ಕರೆದು ಎಲ್ಲ ಹೇಳಿದೆ. ಅಂಗಡಿ, ಮೂರು ವರ್ಷ, ಅವಳ ಕೊಡಕ್ಕೆ ಹೋದ ಭಾನುವಾರದ ನೀರು.

ಮೂರು ವರ್ಷಕ್ಕೆ ಅವಳು ಅಳಲಿಲ್ಲ. "ಅಂವ ನೀರಿದ್ದಲ್ಲಿ ಅದಾನ. ಇರಲಿ" ಎಂದಳು. ನೀರಿನ ಸಂಗತಿಗೆ ಮಾತ್ರ ಸಿಟ್ಟಾದಳು. "ಗೋಬೀದು ಕಸ್ಕೊಂಡು ಮಂದಿಗಿ ಕೊಟ್ಟೀ? ನನ್ನ ಕೈಲಿ ಕೊಡಿಸೀ? ಕೇಳಿದ್ರ ನಾ ಎರಡಕ್ಕೂ ದಾರಿ ಮಾಡ್ತಿದ್ದೆ. ಒಳಗಿದ್ದವರಿಗಿ ಉಪವಾಸ ಕೆಡವಿ ಹೊರಗಿನವರಿಗಿ ಉಣಿಸಂತ ಯಾರ ಹೇಳ್ಯಾರ ನಿನಗ?"

ದೊಡ್ಡ ಪೆಟ್ಟಿಗೆ ಬರಿದಾಯಿತು. ಆ ಒಂದು ಕಾಂಡವಿರುವ ಕಲ್ಲನ್ನು ನೀನು ಮೊದಲು ಮೀನಿನ ಮರಿ ಇಡುತ್ತಿದ್ದ ಸಣ್ಣ ಗಾಜಿನ ತೊಟ್ಟಿಗೆ ಸಾಗಿಸಿದೆ. ಅದಕ್ಕೆ ಭಾನುವಾರ ಬೇಕಾಗುವುದು ಎರಡು ತಂಬಿಗೆ ಹೊಸ ನೀರು. ಬಾಟಲಿ ಬೇಕಿಲ್ಲ, ಆ ನೀರೇ ಸಾಕು ಎಂದು ಫೆಬ್ರವರಿಯಲ್ಲೇ ನೀನು ಬರೆದಿದ್ದೆ. ನಾನು ಅದನ್ನು ಸರಿಯಾಗಿ ಓದಿದ್ದು ಈಗ.

ಇವತ್ತು ಭಾನುವಾರ. ಬೆಳಗ್ಗೆ ಅವ್ವ ಕೊಡ ತುಂಬಿದಳು. ಗೇಟಿನ ಕಡೆಗೆ ಎತ್ತುವ ಮೊದಲು ತಂಬಿಗೆ ಮುಳುಗಿಸಿ ನನ್ನ ಮುಂದೆ ಹಿಡಿದಳು. ನಾನು ಹಿಂಜರಿದೆ. ಬೇವಿನ ಕೆಳಗೆ ಆಗಲೇ ಒಂದು ಟೆಂಪೋ ಬಂದು ನಿಂತಿತ್ತು.

"ಹಿಡಿ" ಎಂದಳು. "ಗೋಬೀನೂ ದಾರಿ ಹಿಡಕೊಂಡು ಬಂದದ್ದೇ. ಸಮುದ್ರ ಬಿಟ್ಟು ಎಲ್ಲಿಗಿ ಬಂದು ಕುಂತದ ನೋಡು."

ಎರಡು ತಂಬಿಗೆ ಒಳಗೆ ಕೊಟ್ಟು, ಕೊಡ ಎತ್ತಿಕೊಂಡು ಹೊರಗೆ ಹೋದಳು. ನಾನು ಉಪ್ಪು ಕಲಸಿ, ತಿಳಿಯಾಗುವವರೆಗೆ ಕಾದು, ಮೆಲ್ಲಗೆ ತೊಟ್ಟಿಗೆ ಹೊಯ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕೈ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

ದಸರೆಗೆ ಬಾ. ಅವ್ವ ಕೇಳುತ್ತಿದ್ದಾಳೆ, ಅಲ್ಲಿ ಮಳಿ ಅದ ಏನೋ?

ಶೇವಂತಕ್ಕ